ಎಡಗೈ ನೂಲು

ದೇವದುರ್ಗ ತಾಲೂಕಿನ ಜಾಲಹಳ್ಳಿಯ ಕರೆಮ್ಮ ಎಡಚಿ. ಕುರಿ ಉಣ್ಣೆಯನ್ನೂ ಎಡಗೈಯಲ್ಲೇ ನೂಲುತ್ತಿದ್ದಳು. ಅವಳ ನೂಲಿನ ಹುರಿ ಊರಿನವರ ಹುರಿಗೆ ತಿರುವುಮುರುವು. "ಎಡಚೀ, ನಿನ್ನ ಕಂಬಳಿ ಕದ್ದಾವ ಸಂತ್ಯಾಗ ಸಿಕ್ಕೇ ಬೀಳ್ತಾನ ಬಿಡು," ಎಂದು ಗಂಡ ಬೂದೆಪ್ಪ ಚೇಷ್ಟೆ ಮಾಡುತ್ತಿದ್ದ.

೧೯೪೪ರ ಬೇಸಿಗೆಯಲ್ಲಿ ಬೂದೆಪ್ಪ ಕುರಿ ಹೊಡೆದುಕೊಂಡು ಮಾನ್ವಿ ಕಡೆಯ ಚೀಕಲಪರ್ವಿಯ ಹೊಳೆದಂಡೆಗೆ ಹೋದ. ಅಲ್ಲಿ ಹೊಲ ಕಾಯುವ ಹನುಮಂತ್ರಾಯನ ಹೆಣ ಸಿಕ್ಕಿತು, ಪಕ್ಕದಲ್ಲಿ ರಕ್ತ ಹತ್ತಿದ ಕಂಬಳಿ. ಹಿಂದಿನ ದಿನ ಮೇವಿನ ಸಲುವಾಗಿ ಅವನೂ ಬೂದೆಪ್ಪನೂ ಬೈದಾಡಿದ್ದರು. ತನಿಖೆ ಅಲ್ಲಿಗೆ ಮುಗಿಯಿತು. ಈ ಸೀಮೆಯಲ್ಲಿ ಕಂಬಳಿ ಹೊದೆಯದವರು ಯಾರಿದ್ದಾರೆ? ಠಾಣೆಯಲ್ಲಿ ನಾಲ್ಕು ದಿನ ಬಡಿದು, ಐದನೆಯ ದಿನ ಉರ್ದು ಕಾಗದದ ಮೇಲೆ ಬೂದೆಪ್ಪನ ಹೆಬ್ಬೆಟ್ಟು ಒತ್ತಿಸಿದರು. ಕೊಂದವ ನಾನೇ ಎಂದು ಅದರಲ್ಲಿತ್ತಂತೆ. ಅವನಿಗೆ ಓದಿ ಹೇಳಿದವರಿಲ್ಲ.

ಕೋರ್ಟಿನಲ್ಲಿ ಮೇಜಿನ ಪಕ್ಕ ಹಾಯುವಾಗ ಕರೆಮ್ಮ ಆ ಕಂಬಳಿ ನೋಡಿದಳು. "ಯಪ್ಪಾ, ಇದು ನಮ್ದಲ್ರೀ!"

"ಕೂಡಬೇ ಸುಮ್ನ," ಎಂದ ಜವಾನ.

ಕೂತಳು. ಬೂದೆಪ್ಪನಿಗೆ ಜನ್ಮಕೈದಾಯಿತು. ಅವಳು ಅಳಲಿಲ್ಲ. ಊರಿಗೆ ಬಂದು ಹಟ್ಟಿಯ ಕಸ ಹೊಡೆದಳು, ರೊಟ್ಟಿ ಬಡಿದಳು, ಉಣ್ಣಲಿಲ್ಲ. ಕುರಿಯ ಜೊತೆ ಮೈದುನ ತಂದಿಟ್ಟ ಗಂಡನ ಕಂಬಳಿ ಗೂಟದಲ್ಲಿ ಹಾಗೇ ತೂಗುತ್ತಿತ್ತು.

ಮೇಲ್ಮನವಿ ಹಾಕಲು ರಾಯಚೂರಿನ ವಕೀಲ ವಾದಿರಾಜರು ಒಪ್ಪಿದರು. ಅವರ ಮುಂದೆ ಗೂಟದ ಕಂಬಳಿ ಹಾಸಿ, ಒಂದು ಎಳೆ ಬಿಚ್ಚಿ ತೋರಿಸಿದಳು. "ನನ್ನ ಹುರಿ ಹಿಂಗ ಎಡಕ್ಕ ಹೊಳ್ಳತದ್ರಿ. ಕೋರ್ಟಿನ್ಯಾಗ ಇದ್ದದ್ದು ಹಂಗ ಬಲಕ್ಕ ಹೊಳ್ಳ್ಯದ."

ವಕೀಲರು ಎಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಖರೇ ಅದ ಕರೆಮ್ಮಾ. ಆದ್ರ ಕೆಳಗಿನ ಕೋರ್ಟಿನ್ಯಾಗ ಬರದದ್ದಷ್ಟೇ ಮ್ಯಾಲಿನವರು ಓದ್ತಾರ. ಈಗ ಹೊಸ ಸಾಕ್ಷಿ ತಗೊಳ್ಳಂಗಿಲ್ಲ."

"ಹಂಗಾರ ನಂದು ಯಾರು ಕೇಳ್ಬೇಕ್ರೀ?"

ಅವರು ಎಳೆಯನ್ನು ಮಡಚಿ ಅವಳ ಕೈಗೇ ಕೊಟ್ಟರು.

ಹೈದರಾಬಾದಿನ ಮೇಲಿನ ಕೋರ್ಟಿನಲ್ಲಿ ವಾದಿರಾಜರು ಎರಡೇ ಮಾತು ಹಿಡಿದು ನಿಂತರು. ಪೊಲೀಸರ ಕೈಯಲ್ಲಿದ್ದಾಗ ಒಪ್ಪಿಕೊಂಡದ್ದು ಸಾಕ್ಷಿಯಲ್ಲ. ಕಂಬಳಿ ಬೂದೆಪ್ಪನದೆಂದು ಗುರುತಿಸಿದವರೇ ಇಲ್ಲ. ಹದಿನಾಲ್ಕು ತಿಂಗಳ ಮೇಲೆ ತೀರ್ಪು ಬಂತು: ಪುರಾವೆ ಸಾಲದು, ಬಿಡುಗಡೆ. ಇವನು ಕೊಂದಿಲ್ಲ ಎಂದು ಮಾತ್ರ ಯಾರೂ ಬರೆಯಲಿಲ್ಲ.

ಬೂದೆಪ್ಪ ಬಂದ. ಬಲಗೈ ಬೆರಳು ನೆಟ್ಟಗಾಗುತ್ತಿರಲಿಲ್ಲ. "ಕುರಿ ಎಷ್ಟದಾವ?" ಎಂದು ಕೇಳಿದ, ಹೇಳಿದ್ದು ಕೇಳಿಸಿಕೊಳ್ಳಲಿಲ್ಲ.

ತಿಂಗಳ ಬಳಿಕ ಇಬ್ಬರನ್ನೂ ರಾಯಚೂರಿನ ಕೋರ್ಟಿಗೆ ಕರೆಸಿದರು. ಗುಮಾಸ್ತ ಅಮೀರ್ ಸಾಬ್ ಒಂದು ಗಂಟನ್ನೂ ಒಂದು ಕಾಗದವನ್ನೂ ಮುಂದೆ ತಳ್ಳಿದ. "ನಿಮ್ಮ ಕಂಬಳಿ ವಾಪಸ್ ಕೊಡಾಕ ಹುಕುಂ ಆಗ್ಯದ. ಹೆಬ್ಬೆಟ್ಟು ಒತ್ತು."

ಬೂದೆಪ್ಪ ಹೆಬ್ಬೆರಳು ಚಾಚಿದ. ಕರೆಮ್ಮ ಆ ಕೈ ಹಿಡಿದಳು. "ಮೊದ್ಲ ಓದ್ರಿ ಸಾಹೇಬ್ರ."

ಅಮೀರ್ ಸಾಬ್ ಉರ್ದುವನ್ನು ಕನ್ನಡ ಮಾಡಿ ಓದಿದ: ಸದರಿ ಕಂಬಳಿ ನನ್ನದೇ ಎಂದು ಗುರುತಿಸಿ ಪಡೆದಿದ್ದೇನೆ.

"ನಮ್ದಲ್ಲ."

"ಮತ್ತ ಯಾರ್ದು?" ಅವನು ಸಿಡುಕಿದ.

ಇಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ.

"ಬಲಗೈಲೆ ನೂಲುವಾಕಿ ಮನೀದು. ಬರಕೊಳ್ರಿ," ಎಂದಳು ಕರೆಮ್ಮ.

ಅವನು ಬರೆದುಕೊಳ್ಳಲಿಲ್ಲ. ಗಂಟನ್ನು ಕಪಾಟಿಗೆ ತುರುಕಿ ಮುಂದಿನವರನ್ನು ಕರೆದ. ಕರೆಮ್ಮ ಗಂಡನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದೇ ಮೆಟ್ಟಿಲಿಳಿದಳು.