ಮಹಾನಂದಕ್ಕನ ಕೊಂಡಿ

ನಾನು ಬಾಗಲಕೋಟೆಯ ವಿದ್ಯಾಗಿರಿಗೆ ಹೋದದ್ದು ಇಂಜಿನಿಯರಿಂಗ್ ಓದಲು. ಎರಡು ವರ್ಷದಲ್ಲಿ ಪಕ್ಕಾ ಕಲಿತ ವಿದ್ಯೆ ಮಾತ್ರ ಒಂದೇ, ಕಂಪ್ಯೂಟರಿನೊಳಗೆ ಬೆಂಕಿ ಎಸೆಯುವುದು. 2007ರ ಮಾತಿದು. ಗುರಲಿಂಗಪ್ಪನವರ ಸೈಬರ್‌ನಲ್ಲಿ ಐದು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಬಾಗಿಲ ಬಳಿ ಎತ್ತರದ ಕುರ್ಚಿ ಹಾಕಿದ ಗಲ್ಲಾ. ಆ ಕುರ್ಚಿಯ ಮೇಲೆ ಅವರ ಅಣ್ಣನ ಮಗಳು ಮಹಾನಂದಕ್ಕ ಕೂರುತ್ತಿದ್ದರು. ಇಳಕಲ್ಲಿನ ನೇಕಾರರ ಮನೆಯವರು, ವಯಸ್ಸು ಮೂವತ್ತೈದರ ಆಸುಪಾಸು. ಕೈಯಲ್ಲಿ ಸದಾ ಒಂದು ದಾರದ ತುಂಡು ಇರುತ್ತಿತ್ತು. ಮಾತಾಡುತ್ತಲೇ ಅದಕ್ಕೆ ಕುಣಿಕೆ ಹಾಕಿ ಬಿಚ್ಚುತ್ತಿದ್ದರು.

ಊರೂರಿನ ಆಟಗಾರರು ನೆಟ್‌ನಲ್ಲಿ ಸೇರಿ ಕತ್ತಿ, ಬಿಲ್ಲು, ಮಂತ್ರ ಹಿಡಿದು ಹೊಡೆದಾಡುವ ಆಟ ನಮ್ಮದು. ಒಬ್ಬೊಬ್ಬನದೂ ಒಂದೊಂದು ವರಸೆ. ನನ್ನ ಗೆಳೆಯ ಸಂಜು ಎರಡು ಚೂರಿ ಹಿಡಿದು ಎದುರಾಳಿಯ ಮೈಮೇಲೆ ಬೀಳುತ್ತಿದ್ದ. ಶ್ರೀಧರ ಬಿಲ್ಲುಗಾರ, ಹಿಂದಕ್ಕೆ ಓಡುತ್ತಲೇ ಬಾಣ ಬಿಡುವವನು. ಹುನಗುಂದದ ಅಣ್ಣತಮ್ಮಂದಿರಿಬ್ಬರು ಗುರಾಣಿ ಹಿಡಿದು ಮುಂದೆ ನಿಲ್ಲುತ್ತಿದ್ದರು. ನಾನು ಧರ್ಮರಾಜ, ದೂರ ನಿಂತು ಮಂತ್ರ ಹಾಕುವವನು. ಬುದ್ಧಿವಂತರ ವರಸೆ ಅದೊಂದೇ ಎಂದು ನನಗೆ ಖಾತ್ರಿಯಿತ್ತು. ಯಾರ ವರಸೆ ಮೇಲು ಎಂದು ಚಹಾದಂಗಡಿಯಲ್ಲಿ ಗಂಟಲು ಹರಿಯುವಂತೆ ವಾದ ಮಾಡುತ್ತಿದ್ದೆವು. ಆಡುವಾಗಲೂ ಅಷ್ಟೇ ಕೂಗಾಟ. ಒಮ್ಮೆ ಮಹಾನಂದಕ್ಕ ತಡೆಯಲಾರದೆ ಕೇಳಿದರು.

"ಯಾವಾಗ ನೋಡಿದ್ರೂ ಕಂಬ ಹಾಕು, ಕಂಬ ಹಾಕು ಅಂತೀರಿ. ಎಲ್ಲಿ ಐತಿ ಕಂಬ?"

"ಕಂಬ ಅಲ್ಲರಿ ಅಕ್ಕಾರ, ಕಾಂಬೊ," ಎಂದೆ. "ಒಂದು ಏಟು ಮುಗಿಯೂದ್ರಾಗ ಅದಕ್ಕ ಇನ್ನೊಂದು ಏಟು ಜೋಡಿಸೂದು. ನಡುವ ಸಂದಿ ಬಿಡಬಾರದು."

"ಹಂಗಂದ್ರ ಕೊಂಡಿ ಅನ್ರಿ."

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸುವುದು ಕೊಂಡಿ. ಸಾವಿರಾರು ಎಳೆ, ಒಂದು ತಪ್ಪಿದರೂ ಸೆರಗಿನಲ್ಲಿ ಕಾಣುತ್ತದೆ. ಮಹಾನಂದಕ್ಕ ಹದಿನೈದು ವರ್ಷ ಮಾಡಿದ್ದು ಆ ಕೆಲಸವನ್ನೇ. ಅಂದಿನಿಂದ ನಮ್ಮ ಸೈಬರ್‌ನಲ್ಲಿ ಕಾಂಬೊ ಎನ್ನುವ ಮಾತೇ ಹೋಯಿತು.

"ಸಂಜೂನ ಕೈ ಭಾಳ ಲಗೂ. ಎಳಿ ಹರ್ಕೋತಾನ," ಎಂದು ಅವರು ತೀರ್ಪು ಕೊಡತೊಡಗಿದರು. "ಶ್ರೀಧರ ಚಲೋ ಆಡ್ತಾನ, ಆದ್ರ ಹಿಂದ ಗ್ವಾಡಿ ಐತಿ ಅನ್ನೂದು ಮರೀತಾನ."

"ನಂದ್ರಿ?"

"ನೀ ಕೈ ಎತ್ತಿ ಭಾಷಣ ಮಾಡ್ತಿ ಧರ್ಮರಾಜ. ಅದು ಮುಗಿಯೂದ್ರಾಗ ಅವ್ರು ಬಂದು ಹೊಡದು ಹೋಗಿರ್ತಾರ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಮೈ ಉರಿಯಿತು.

ಪ್ರತಿ ಭಾನುವಾರ ನಾಲ್ಕಕ್ಕೆ ಆಟದಲ್ಲಿ ಕೋಟೆಯ ಕಾಳಗ, ಐವರ ವಿರುದ್ಧ ಐವರು. ಕೋಟೆ ಹುಬ್ಬಳ್ಳಿಯ ಹುಡುಗರ ಕೈಯಲ್ಲಿತ್ತು. ಮೂರು ವಾರ ಸೋತು ಸುಣ್ಣವಾಗಿದ್ದೆವು. ನಾಲ್ಕನೆಯ ಶನಿವಾರ ಮಹಾನಂದಕ್ಕ ಜೆರಾಕ್ಸ್ ಹಾಳೆ ಜೋಡಿಸುತ್ತಾ, "ನಾಳಿ ನಾ ಆಡ್ತೇನಿ," ಎಂದರು.

ನಾವು ತಮಾಷೆ ಎಂದುಕೊಂಡೆವು. ಆಮೇಲೆ ಗೊತ್ತಾಯಿತು: ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದು, ಕಸ ಗುಡಿಸಿ, ಗಿರಾಕಿ ಬರುವವರೆಗೆ ಎಂಟು ತಿಂಗಳಿಂದ ಅವರು ಆಡುತ್ತಲೇ ಇದ್ದರು. ಗದೆ ಹಿಡಿದ ಪಾತ್ರ. ನಿಧಾನಕ್ಕೆ ಬೀಸುವ ಗದೆಯೆಂದರೆ ನಮಗೆಲ್ಲ ತಾತ್ಸಾರ.

"ಹದಿನೈದು ವರ್ಷ ಮಂದಿ ಸೀರಿಗೆ ಕೊಂಡಿ ಹಾಕೇನಿ," ಎಂದರು ಅವರು. "ಕೊಂಡಿ ಹಾಕಿ ಏಳೂದು, ನೇಯಾವ್ರು ಬ್ಯಾರೆ. ಸೀರಿ ಮುಗದು ಮಗ್ಗ ಇಳಿಯೂದು ಒಂದೂ ನೋಡಿಲ್ಲ. ಇಲ್ಲೂ ಹಂಗ, ಆಟ ರಂಗೇರಿತು ಅನ್ನೂದ್ರಾಗ ಜೆರಾಕ್ಸ್‌ಗೆ ಯಾರರೆ ಬರ್ತಾರ. ಒಂದ್ಸಲ ಮುಗಿಯೂತನಕ ಕುಂಡ್ರಬೇಕು ನಾ."

ಆದರೆ ಗಲ್ಲಾದ ಕುರ್ಚಿ ಖಾಲಿ ಬಿಡಬಾರದೆಂಬುದು ಗುರಲಿಂಗಪ್ಪನವರ ಕಟ್ಟಪ್ಪಣೆ. ಅಕ್ಕ ಆಡಬೇಕೆಂದರೆ ಐವರಲ್ಲಿ ಒಬ್ಬ ಎದ್ದು ಅಲ್ಲಿ ಕೂರಬೇಕು. ನಾನು ಎದೆಯುಬ್ಬಿಸಿ, "ನನ್ನ ಸೋಲಸ್ರಿ, ನಾನೇ ಕುಂಡ್ರತೇನಿ," ಎಂದೆ.

ಇಬ್ಬರೇ ಆಟದ ಅಂಗಳಕ್ಕಿಳಿದೆವು. ನಾನು ಕೈ ಎತ್ತಿ ಮಂತ್ರ ಶುರುಮಾಡಿದೆ. ಗದೆಯ ಪಾತ್ರ ಸಾವಕಾಶ ಪಕ್ಕಕ್ಕೆ ಸರಿದು ಕಲ್ಲುಕಂಬವೊಂದರ ಹಿಂದೆ ನಿಂತಿತು. ಬೆಂಕಿಯೆಲ್ಲ ಕಂಬಕ್ಕೆ ಬಡಿಯಿತು.

"ಕಂಬ ಇಲ್ಲೈತಿ ನೋಡು," ಎಂದರು ಮಹಾನಂದಕ್ಕ.

ನನ್ನ ಕೈ ಕೆಳಗಿಳಿಯುವಷ್ಟರಲ್ಲಿ ಗದೆ ಬಿತ್ತು. ತಲೆ ಸುತ್ತಿ ನಿಂತವನಿಗೆ ಎರಡನೆಯದು, ಅದರ ಬಾಲಕ್ಕೇ ಮೂರನೆಯದು. ನಡುವೆ ಒಂದು ಎಳೆಯಷ್ಟೂ ಸಂದಿಯಿರಲಿಲ್ಲ. ಮೂರು ಸಲ ಆಡಿದೆವು, ಮೂರು ಸಲವೂ ಸತ್ತೆ.

ಭಾನುವಾರ ನಾಲ್ಕಕ್ಕೆ ಮುಖ ಊದಿಸಿಕೊಂಡು ಗಲ್ಲಾದ ಕುರ್ಚಿ ಏರಿದೆ. ಕಾಳಗ ಶುರುವಾಯಿತು. ಅಲ್ಲಿಂದ ಐದೂ ಪರದೆ ಒಟ್ಟಿಗೆ ಕಾಣುತ್ತಿದ್ದವು. ಎರಡು ವರ್ಷ ನಾನು ನೋಡಿದ್ದು ನನ್ನದೊಂದೇ ಪರದೆ. ಸಂಜು ಚೂರಿಯಿಂದ ತಿವಿದು ಎದುರಾಳಿಯನ್ನು ತತ್ತರಿಸುವಂತೆ ಮಾಡುತ್ತಿದ್ದ, ಅದೇ ಹೊತ್ತಿಗೆ ಶ್ರೀಧರನ ಬಾಣ ಇನ್ಯಾರ ಕಡೆಗೋ ಹೋಗುತ್ತಿತ್ತು. ಒಬ್ಬನ ತುದಿ ಇನ್ನೊಬ್ಬನಿಗೆ ಸಿಗುತ್ತಲೇ ಇರಲಿಲ್ಲ. ಅಷ್ಟು ದಿನ ಯಾರ ವರಸೆ ಮೇಲು ಎಂದು ಕಿತ್ತಾಡಿದ್ದಕ್ಕೆ ನನಗೇ ನಾಚಿಕೆಯಾಯಿತು.

ಹುಬ್ಬಳ್ಳಿಯವರು ಆಗಲೇ ನಮ್ಮನ್ನು ಕೋಟೆಯೊಳಗಿಂದ ಬಾಗಿಲವರೆಗೆ ಹಿಮ್ಮೆಟ್ಟಿಸಿದ್ದರು. ನನಗರಿವಿಲ್ಲದೆ ಬಾಯಿ ತೆರೆದಿದ್ದೆ.

"ಸಂಜು, ತಿವದ ಮ್ಯಾಲೆ ಸರಿಯಲೇ. ಶ್ರೀಧರ, ಸಂಜು ತಿವದವಗ ಹಾಕು. ಅಕ್ಕಾರ, ಈಗ."

ಚೂರಿಯ ಬಾಲಕ್ಕೆ ಬಾಣ, ಬಾಣದ ಬಾಲಕ್ಕೆ ಗದೆ. ಒಬ್ಬ ಬಿದ್ದ. ಗುರಾಣಿಯ ಅಣ್ಣತಮ್ಮಂದಿರು ಮುಂದಿನವನನ್ನು ತಡೆದು ನಿಲ್ಲಿಸಿದರು, ಅವನೂ ಬಿದ್ದ. ಹೀಗೇ ಒಬ್ಬೊಬ್ಬರಾಗಿ ಐವರೂ ನೆಲಕಚ್ಚಿದರು. ಕೋಟೆಯ ಮೇಲೆ ನಮ್ಮ ಬಾವುಟ ಹಾರಿತು. ಸಂಜು ಶ್ರೀಧರನನ್ನು ಎತ್ತಿಕೊಂಡೇ ಕುಣಿದ. ನನಗೂ ಖುಷಿ ತಡೆಯಲಾಗಲಿಲ್ಲ.

ಮಹಾನಂದಕ್ಕ ಕುಣಿಯಲಿಲ್ಲ. ಪರದೆಯ ಮೇಲಿನ ಬಾವುಟವನ್ನೇ ಕಣ್ತುಂಬ ನೋಡುತ್ತಾ, "ಮುಗೀತು ನೋಡು," ಎಂದರು, ತಮ್ಮಷ್ಟಕ್ಕೇ.

ಆಗಲೇ ಬಾಗಿಲಲ್ಲಿ ಒಬ್ಬಾಕೆ ಜೆರಾಕ್ಸ್ ಬೇಕೆಂದು ಹಾಳೆ ಹಿಡಿದು ಬಂದಳು. ಅಕ್ಕ ರೂಢಿಯಂತೆ ಅರ್ಧ ಎದ್ದರು.

"ಕುಂಡ್ರಿ ಅಕ್ಕಾರ," ಎಂದೆ ಕುರ್ಚಿಯಿಂದ ಇಳಿಯುತ್ತಾ. "ಜೆರಾಕ್ಸ್‌ಗೆ ನಾ ಅದೀನಲ್ಲ."