ಮರ ಹತ್ತುವವರ ಒಂದೇ ರೇಟು

“ಎರಡು ಗಂಟೆಯ ಕೆಲಸಕ್ಕೆ ಇಡೀ ದಿನದ ಕೂಲಿಯಾ?” ನಮ್ಮ ನೋಯ್ಡಾ ಸೊಸೈಟಿಯ ಸೆಕ್ರೆಟರಿ ಮರ ಹತ್ತುವ ಶಕೀಲನನ್ನು ಕೇಳಿದರು. ಬಿರುಗಾಳಿಗೆ ಮುರಿದ ಬೇವಿನ ಕೊಂಬೆ ಮಕ್ಕಳ ಉಯ್ಯಾಲೆಯ ಮೇಲೆ ನೇತಾಡುತ್ತಿತ್ತು. ಶಕೀಲ್ ರೇಟು ಇಳಿಸಲಿಲ್ಲ. ಸೆಕ್ರೆಟರಿ ಫೋನ್ ಮಾಡಿ ಇನ್ನೊಬ್ಬನನ್ನು ಕರೆಸಿದರು.

ಅವನು ಹೆಗಲಿಗೆ ಹಗ್ಗ ಹಾಕಿಕೊಂಡು ಸೈಕಲ್ಲಿನಲ್ಲಿ ಬಂದ. ಮರದ ಕೆಳಗಿದ್ದ ಶಕೀಲನನ್ನು ಕಂಡು, “ಭಯ್ಯಾ, ನೀವೆಷ್ಟು ಹೇಳಿದ್ರಿ?” ಎಂದು ವಿಚಾರಿಸಿದ. ಆಮೇಲೆ ಸೆಕ್ರೆಟರಿಯತ್ತ ತಿರುಗಿ ಶಾಂತವಾಗಿ ಹೇಳಿದ: “ನನ್ನದೂ ಅಷ್ಟೇ ಸಾಹೇಬ್. ಬಿದ್ದು ಕಾಲು ಮುರಿದರೆ ಅದು ಎರಡು ಗಂಟೆಯಲ್ಲಿ ಕೂಡಿಕೊಳ್ಳೋದಿಲ್ಲ. ಮೊದಲು ಬಂದವರು ಇವರು, ಇವರೇ ಹತ್ತಲಿ.”

ಪಾರ್ಕಿನಲ್ಲಿದ್ದ ನಾವು ಹೆಂಗಸರೆಲ್ಲ ಅವನ ಮಾತಿಗೆ ದನಿಗೂಡಿಸಿದೆವು. ಸೆಕ್ರೆಟರಿ ಒಪ್ಪಲೇಬೇಕಾಯಿತು. ಶಕೀಲ್ ಮೇಲೇರಿದ. ಕೆಲಸ ಬಿಟ್ಟುಕೊಟ್ಟವನು ಹಾಗೇ ಹೊರಟುಹೋಗದೆ, ಕೊಂಬೆ ನೆಲ ಮುಟ್ಟುವ ತನಕ ಕೆಳಗೆ ಹಗ್ಗ ಬಿಗಿಹಿಡಿದು ನಿಂತ. ಹಗ್ಗ ಹಿಡಿದವನ ಪೂರ್ತಿ ಕೂಲಿಯನ್ನು ನಾವು ಹೆಂಗಸರೇ ಕೂಡಿಸಿ ಕೊಟ್ಟೆವು.

ಮೆಟ್ರೋ ಇನ್ನೂ ಬಾರದ ಆ ದಿನಗಳಲ್ಲಿ ನಾನು ಬಸ್ಸು ಹಿಡಿದು ದೆಹಲಿಯ ಓಖ್ಲಾದ ಪ್ರೆಸ್ಸುಗಳಿಗೆ ಹೋಗಿ ಕನ್ನಡ ಪ್ರೂಫ್ ನೋಡಿಕೊಡುತ್ತಿದ್ದೆ. ಮುಂದೊಮ್ಮೆ ಪ್ರೆಸ್ಸಿನ ಮಾಲೀಕರೊಬ್ಬರು, ಇದೇ ಕೆಲಸ ಮಾಡುವ ನನ್ನ ಗೆಳತಿ ಕೇಳಿದ್ದಕ್ಕಿಂತ ಕಡಿಮೆ ರೇಟಿಗೆ ಮಾಡಿಕೊಡುತ್ತೀರಾ ಎಂದರು. ಇಲ್ಲವೆಂದು ಹೇಳಿ, ತಲೆಯೆತ್ತಿಕೊಂಡು ಮನೆಗೆ ಬಂದೆ.