ಜೂನ್ ಒಂದರ ಮಕ್ಕಳು

ಇವತ್ತು ಬೆಳಿಗ್ಗೆ ಚಹಾಕ್ಕೆಂದು ಇಟ್ಟ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು ಹೋಯಿತು. ತಪ್ಪು ನನ್ನದಲ್ಲ, ಮೊಬೈಲಿನದು. ಆರು ಗಂಟೆಯಿಂದ ಅದು ಒಂದೇ ಸಮನೆ ಟಿಣ್ ಟಿಣ್ ಎನ್ನುತ್ತಿತ್ತು. ಬ್ಯಾಂಕಿನವರು, ಗ್ಯಾಸಿನವರು, ಎಂದೋ ಒಮ್ಮೆ ಚಷ್ಮಾ ಮಾಡಿಸಿದ್ದ ಗೋಕಾಕದ ಅಂಗಡಿಯವರು, ಎಲ್ಲರೂ ನನಗೆ ಹುಟ್ಟುಹಬ್ಬದ ಶುಭಾಶಯ ಹೇಳುತ್ತಿದ್ದರು. ಜೂನ್ ಒಂದು ನೋಡಿ. ನಮ್ಮ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಂತೂ ಯಾರು ಯಾರಿಗೆ ಶುಭಾಶಯ ಹೇಳಬೇಕು ಎಂಬುದೇ ಗೊಂದಲ. ಅರ್ಧಕ್ಕರ್ಧ ಜನ ಇದೇ ದಿನ ಹುಟ್ಟಿದವರು. ಹೇಳಿದವರೇ ಹೇಳಿಸಿಕೊಳ್ಳುತ್ತಿದ್ದರು.

ನೀವು ನಮ್ಮ ಕಡೆಯವರಾಗಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲದಿದ್ದರೆ ಕೇಳಿ. ಸಾಲಿಗೆ, ಅಂದರೆ ಶಾಲೆಗೆ, ಹೆಸರು ಹಚ್ಚುವಾಗ ಜೂನ್ ಒಂದಕ್ಕೆ ಮಗುವಿಗೆ ಇಷ್ಟು ವರ್ಷ ತುಂಬಿರಬೇಕು ಎಂಬ ನಿಯಮ. ತಂದೆ ತಾಯಿಗೆ ಮಗು ಹುಟ್ಟಿದ ಹುಣ್ಣಿಮೆ ಅಮಾವಾಸ್ಯೆ ಗೊತ್ತು, ತಾರೀಕು ಗೊತ್ತಿಲ್ಲ. ಮಾಸ್ತರರು ಏನು ಮಾಡಬೇಕು? ಸರಿಯಾಗಿ ಜೂನ್ ಒಂದಕ್ಕೇ ಹುಟ್ಟಿದೆ ಎಂದು ಬರೆದುಬಿಟ್ಟರೆ ನಿಯಮಕ್ಕೂ ನೆಮ್ಮದಿ, ಮಾಸ್ತರರಿಗೂ ನೆಮ್ಮದಿ. ನನಗೂ ಹಾಗೇ ಆಯಿತು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರು. ಮುಟ್ಟಿತು. "ಹೂಂ, ಬರ್ಕೋರಿ, ಜೂನ್ ಒಂದು" ಎಂದರು. ಅವ್ವನನ್ನು ಕೇಳಿದರೆ, "ನೀ ಹುಟ್ಟಿದ್ದು ಸೀಗಿ ಹುಣ್ಣಿವಿ ದಿನ, ಎಮ್ಮಿ ಈದ ಮರುದಿನ" ಎನ್ನುತ್ತಿದ್ದಳು. ಎಮ್ಮೆ ಈದದ್ದು ಯಾವಾಗ ಎಂದರೆ "ನೀ ಹುಟ್ಟೂಕಿಂತ ಹಿಂದಿನ ದಿನ" ಎನ್ನುತ್ತಿದ್ದಳು. ನನ್ನ ಗೊಂದಲಗಳ ಬೇರು ಅಲ್ಲೇ ಇದೆ ಎಂದು ನನ್ನ ಅನುಮಾನ.

ಹಾಲು ಒರೆಸುತ್ತ ನಿಂತಾಗ ನೆನಪಾದವಳು ಲಗಮವ್ವ. ಹತ್ತು ವರ್ಷದ ಹಿಂದಿನ ಮಾತು. ಆಗ ನಾನು ನಾಗನೂರ ಬಾಜೂಕಿನ ಒಂದು ಸಾಲಿಯಲ್ಲಿ ಗಣಿತ ಕಲಿಸುವ ಅಕ್ಕೋರು. ಲಗಮವ್ವ ಕುರಿ ಕಾಯುವ ಮನೆಯ ಸೊಸೆ. ಅವಳ ಮಗಳು ಮಾಳವ್ವ ನನ್ನ ಐದನೇ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಚುರುಕು, ಹಾಜರಿಯಲ್ಲಿ ಮಂದ. ಮಂದವಾದದ್ದು ಅವಳ ತಪ್ಪಲ್ಲ. ದೀಪಾವಳಿ ಮುಗಿದ ಮೇಲೆ ಮನೆಮಂದಿಯೆಲ್ಲ ಕುರಿ ಹೊಡೆದುಕೊಂಡು ಹೊರಟುಬಿಡುತ್ತಿದ್ದರು, ಯುಗಾದಿಯ ಹೊತ್ತಿಗೆ ತಿರುಗಿ ಬರುತ್ತಿದ್ದರು. ಹುಡುಗಿಯನ್ನು ಊರಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಗೋಕಾಕದಲ್ಲಿ ಹೆಣ್ಣುಮಕ್ಕಳ ಒಂದು ವಸತಿ ಶಾಲೆ ಇತ್ತು. ಪ್ರವೇಶ ಪರೀಕ್ಷೆ ಬರೆದು ಅಲ್ಲಿ ಸೀಟು ಸಿಕ್ಕರೆ ಮಾಳವ್ವ ಓದುತ್ತಾಳೆ, ಸಿಗದಿದ್ದರೆ ಕುರಿಯ ಹಿಂದೆ ಹೋಗುತ್ತಾಳೆ. ಮೂರನೆಯ ದಾರಿ ಇರಲಿಲ್ಲ.

ಆ ಪರೀಕ್ಷೆಗೆ ಕೂಡ್ರಲು ಜೂನ್ ಒಂದಕ್ಕೆ ಹನ್ನೊಂದು ವರ್ಷ ತುಂಬಿರಬೇಕು. ನಮ್ಮ ಸುತ್ತಿನ ಸಾಲಿಗಳಿಂದ ಬಂದ ಅರ್ಜಿಗಳನ್ನು ನೋಡಿ, ವಯಸ್ಸು ತುಂಬಿದವರ ಪಟ್ಟಿ ಮಾಡಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಂದಿತ್ತು ಎನ್ನುವುದು ಸುಳ್ಳು, ನಾನೇ ಕೇಳಿ ಹಾಕಿಸಿಕೊಂಡಿದ್ದೆ. ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದ ಕಾಲ ಅದು. ಅರ್ಧ ಕಲಿತವರ ಉತ್ಸಾಹ ಎಂಥದ್ದು ಎಂದು ನಿಮಗೆ ಗೊತ್ತೇ ಇದೆ. ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಮ್ ಬರೆದಿದ್ದೆ. ಹುಟ್ಟಿದ ತಾರೀಕು ಈ ಗಡಿ ತಾರೀಕಿಗಿಂತ ಹಿಂದಿನದಾದರೆ, ಅಥವಾ ಅದೇ ಆದರೆ, ಹೆಸರು ಪಟ್ಟಿಗೆ ಹಾಕು, ಇಲ್ಲವಾದರೆ ಬಿಡು. ಹಿಂದಿನ ವರ್ಷ ಅದರಿಂದಲೇ ಪಟ್ಟಿ ಮಾಡಿದ್ದೆ, ಒಂದೂ ತಪ್ಪು ಬಂದಿರಲಿಲ್ಲ. ನಮ್ಮ ಹೆಡ್ ಮಾಸ್ತರರು ಮೂಡಲಗಿಯಲ್ಲಿ ಭೆಟ್ಟಿಯಾದವರಿಗೆಲ್ಲ, "ನಮ್ಮ ಅಕ್ಕೋರು ಕಂಪ್ಯೂಟರಿಗೇ ಪಾಠಾ ಹೇಳ್ತಾರ" ಎನ್ನುತ್ತಿದ್ದರು. ನಾನು ಬೇಡ ಎನ್ನುತ್ತಿರಲಿಲ್ಲ.

ಪಟ್ಟಿಯನ್ನು ಸಾಲಿಯ ಗೋಡೆಗೆ ಅಂಟಿಸಿದ ದಿನ ಮಧ್ಯಾಹ್ನ ಲಗಮವ್ವ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

"ಅಕ್ಕೋರ, ನಮ್ಮ ಮಾಳವ್ವನ ಹೆಸರ ಗ್ವಾಡಿ ಮ್ಯಾಲ ಇಲ್ಲಲ್ರಿ."

"ಆಕಿಗೆ ಇನ್ನ ಹನ್ನೊಂದು ತುಂಬಿಲ್ಲ ಲಗಮವ್ವ. ಕಂಪ್ಯೂಟರ್ ಹಂಗ ಹೇಳೇತಿ."

"ಕಂಪ್ಯೂಟರ್ ಹಡದೈತೇನ್ರಿ ಆಕಿನ್ನ?"

ಅವಳು ಕೆಳಗೆ ಕೂತು ಚೀಲದಿಂದ ಒಂದು ಹಳದಿಯಾದ ಕಾರ್ಡು ತೆಗೆದಳು. ದವಾಖಾನೆಯ ತಾಯಿ ಕಾರ್ಡು. ಮೂಲೆಗಳು ಸವೆದಿದ್ದವು, ತಾರೀಕು ಮಾತ್ರ ನಿಚ್ಚಳವಾಗಿತ್ತು. ಫೆಬ್ರುವರಿ ಇಪ್ಪತ್ಮೂರು.

"ಜೂನಿಗೆ ಹನ್ನೊಂದು ತುಂಬಿ ಮ್ಯಾಲ ಮೂರು ತಿಂಗಳಾತು. ಬಟ್ಟ ಮಡಚಿ ಎಣಸ್ರಿ ಬೇಕಾದ್ರ."

ಗಣಿತದ ಶಿಕ್ಷಕಿ ನಾನು ಬೆರಳು ಮಡಚಿ ಎಣಿಸಿದೆ. ಮಾರ್ಚ್, ಏಪ್ರಿಲ್, ಮೇ. ಮೂರು ತಿಂಗಳು ಸರಿ. ಅರ್ಜಿ ತೆಗೆದು ನೋಡಿದೆ, ತಾರೀಕು ಸರಿ. ಕಂಪ್ಯೂಟರಿನಲ್ಲಿ ನೋಡಿದೆ, ಅಲ್ಲೂ ಸರಿ. ಪ್ರೋಗ್ರಾಮ್ ಮತ್ತೊಮ್ಮೆ ನಡೆಸಿದೆ. ಮಾಳವ್ವನ ಹೆಸರು ಬರಲಿಲ್ಲ. ಎಲ್ಲವೂ ಸರಿ ಇದ್ದು ಉತ್ತರ ಮಾತ್ರ ತಪ್ಪಾಗುವುದು ಹೇಗೆ? ತಲೆ ಮೊಸರುಗಡಿಗೆಯಾಯಿತು. ಈ ಹುಡುಗಿಯೊಬ್ಬಳ ಮೇಲೆ ಯಂತ್ರಕ್ಕೆ ಅದೇನು ಹಟವೋ ಎಂದು ಕೂಡ ಅನಿಸಿತು.

ಆಗ ನನ್ನ ಬಾಯಿಂದ ಬಂದ ಮಾತನ್ನು ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ. "ಲಗಮವ್ವ, ಒಂದು ಕೆಲಸ ಮಾಡೂಣು. ಒಂದು ಅರ್ಜಿ ಬರದು ಆಕಿ ತಾರೀಕನೂ ಜೂನ್ ಒಂದು ಮಾಡಿಬಿಡೂಣು. ಎಲ್ಲಾರದೂ ಅದಾ ಐತಿ. ಕಂಪ್ಯೂಟರ್ ಒಪ್ಪತೈತಿ."

ಅವಳು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಬೇಸರವಿತ್ತು.

"ಹೆಸರ ಹಚ್ಚೂ ಮುಂದ ಆ ಮಾಸ್ತರೂ ಇದನ್ನ ಅಂದಿದ್ರು. ಹಡದಾಕಿ ನಾನೋ ನೀವೋ ಅಂತ ಕೇಳಿದೆ, ಖರೆ ತಾರೀಕನ ಬರಕೊಂಡ್ರು. ಎರಡ ದಿನಾ ಬ್ಯಾನಿ ತಿಂದೇನ್ರಿ ಅಕ್ಕೋರ. ನನ್ನ ತವರಮನಿ ದಡ್ಡಿ ಅನ್ನೂ ಊರು. ಅಲ್ಲಿಂದ ಹುಕ್ಕೇರಿ ದವಾಖಾನಿತನಕ ಟ್ರಾಕ್ಟರಿನ್ಯಾಗ ಹಾಕ್ಕೊಂಡ ಒಯ್ದಾರ. ನಾ ಉಳ್ಯಾಂಗಿಲ್ಲ ಅಂತ ನಮ್ಮವ್ವ ಅಳಾಕತ್ತಿದ್ಲು. ಆ ದಿನಾ ಒರಿಸಿ ನೀವು ಜೂನ್ ಒಂದು ಅಂತ ಬರದ್ರ, ನಾ ಬ್ಯಾನಿ ತಿಂದದ್ದು ಎಲ್ಲಿ ಹೋತು?" ಕಾರ್ಡನ್ನು ಚೀಲಕ್ಕೆ ಹಾಕುತ್ತ ಅಂದಳು, "ಸುಳ್ಳ ಹೇಳಿದವರ ಹೆಸರೆಲ್ಲಾ ಗ್ವಾಡಿ ಮ್ಯಾಲ ಐತಿ. ಖರೆ ಹೇಳಿದಾಕಿ ನಾ ಒಬ್ಬಾಕಿ. ನನ್ನ ಮಗಳ ಹೆಸರ ಇಲ್ಲ. ಇದ್ಯಾವ ನ್ಯಾಯ್ರಿ?"

ಪಟ್ಟಿ ಗೋಕಾಕಕ್ಕೆ ಮುಟ್ಟಿಸಲು ನಾಲ್ಕು ದಿನ ಉಳಿದಿತ್ತು. ಎರಡು ದಿನ ತಡಿ ಲಗಮವ್ವ, ನೋಡ್ತೀನಿ, ಎಂದೆ. ಏನು ನೋಡಬೇಕು ಎಂಬುದು ನನಗೇ ಗೊತ್ತಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಪ್ರೋಗ್ರಾಮ್ ಮುಂದೆ ಕೂತೆ. ಕಂಪ್ಯೂಟರೇ ಕೆಟ್ಟಿದೆ ಎಂದುಕೊಂಡು ಆರಿಸಿ ಹಚ್ಚಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂಥ ಜಾತಿಯವಳು ನಾನು. ಆಮೇಲೆ ಪರೀಕ್ಷೆಗೆಂದು ನನ್ನದೇ ತಾರೀಕು ಹಾಕಿದೆ. ವಯಸ್ಸು ತುಂಬಿದೆ, ಪರೀಕ್ಷೆಗೆ ಕೂಡ್ರಬಹುದು ಎಂದಿತು. ಸಂತೋಷ. ಬಾಜೂಕ್ಕೆ ಹೆಡ್ ಮಾಸ್ತರರು ರೊಟ್ಟಿ ತಿನ್ನುತ್ತಿದ್ದರು. ಅವರ ತಂದೆ ಊರಿನ ದಫ್ತರ ಬರೆಯುವ ತಲಾಠಿಯಾಗಿದ್ದವರು, ಹಾಗಾಗಿ ಮಗನ ಖರೆ ತಾರೀಕನ್ನೇ ಬರೆಸಿದ್ದರು. ಯಾವುದೋ ತಿಂಗಳ ಹದಿನೆಂಟು. ಅದನ್ನು ಹಾಕಿದೆ. ವಯಸ್ಸು ತುಂಬಿಲ್ಲ ಎಂದಿತು.

"ಸರ್, ನಿಮಗ ಇನ್ನ ಹನ್ನೊಂದು ತುಂಬಿಲ್ಲಂತ್ರಿ."

ಅವರು ಬಿಳಿ ಮೀಸೆ ಒರೆಸಿಕೊಂಡು ಪರದೆ ನೋಡಿದರು. "ಹಂಗಾರ ರಿಟೈರ್ಮೆಂಟ್ ಇನ್ನ ದೂರ ಐತಿ ಬಿಡ್ರಿ" ಎಂದು ಮತ್ತೆ ರೊಟ್ಟಿ ಮುರಿದರು.

ನಾನೂ ನಕ್ಕೆ. ನಕ್ಕವಳು ಮತ್ತೆ ಕಂಪ್ಯೂಟರಿಗೆ ತಿರುಗಿದೆ. ಎಲ್ಲರನ್ನೂ ಹುಟ್ಟಿದ ತಾರೀಕಿನ ಪ್ರಕಾರ ಸಾಲಾಗಿ ನಿಲ್ಲಿಸು ಎಂದು ಯಂತ್ರಕ್ಕೆ ಹೇಳಿದೆ. ಮೊದಲು ಜೂನ್ ಒಂದರವರೆಲ್ಲ ನಿಂತರು. ಅವರ ಹಿಂದೆ ಹದಿನೆಂಟನೇ ತಾರೀಕಿನ ಹೆಡ್ ಮಾಸ್ತರರು. ಎಲ್ಲರಿಗಿಂತ ಕೊನೆಗೆ ಇಪ್ಪತ್ಮೂರರ ಮಾಳವ್ವ. ಅಂದರೆ ಎಲ್ಲರಿಗಿಂತ ಸಣ್ಣವಳು, ಹೆಡ್ ಮಾಸ್ತರರ ತಂಗಿ.

ಆಗ ತಿಳಿಯಿತು. ನಾನು ಯಂತ್ರಕ್ಕೆ ತಾರೀಕು ಕೊಟ್ಟಿರಲೇ ಇಲ್ಲ, ಬರೀ ಅಕ್ಷರ ಕೊಟ್ಟಿದ್ದೆ. ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ ಬರೆಯುವುದು ನಮ್ಮ ರೂಢಿ. ಹಾಜರಿ ಪುಸ್ತಕದಲ್ಲಿ ಹೆಸರುಗಳನ್ನು ಅಕ್ಷರದ ಪ್ರಕಾರ ಜೋಡಿಸುತ್ತೇವಲ್ಲ, ಯಂತ್ರ ಹಾಗೆ ಎಡಗಡೆಯಿಂದ ಒಂದೊಂದೇ ಅಂಕಿ ಹೋಲಿಸುತ್ತಿತ್ತು. ಗಡಿ ತಾರೀಕು 01-06, ಮಾಳವ್ವನದು 23-02. ಸೊನ್ನೆಗಿಂತ ಎರಡು ದೊಡ್ಡದು, ಆದ್ದರಿಂದ ಇವಳು ಗಡಿಯ ಆಚೆ ಹುಟ್ಟಿದವಳು. ಅಲ್ಲಿಗೆ ಅದರ ವಿಚಾರಣೆ ಮುಗಿಯಿತು. ತಿಂಗಳನ್ನಾಗಲಿ ವರ್ಷವನ್ನಾಗಲಿ ಅದು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಹಾಗಾದರೆ ಹಿಂದಿನ ವರ್ಷ ಹೇಗೆ ಸರಿ ಬಂತು? ಹಳೆಯ ಪಟ್ಟಿ ತೆಗೆಸಿದೆ. ಅದರಲ್ಲಿ ಒಬ್ಬರೂ ಬಿಡದೆ ಎಲ್ಲರೂ ಜೂನ್ ಒಂದು. ದಿನವೂ ಅದೇ, ತಿಂಗಳೂ ಅದೇ ಆದ್ದರಿಂದ ಪಾಪ ಯಂತ್ರ ಗತ್ಯಂತರವಿಲ್ಲದೆ ವರ್ಷದವರೆಗೆ ಹೋಗಿತ್ತು, ಸರಿಯಾದ ಉತ್ತರ ಕೊಟ್ಟಿತ್ತು. ಎಲ್ಲರೂ ಸುಳ್ಳು ಹೇಳಿದ್ದರಿಂದ ನನ್ನ ಪ್ರೋಗ್ರಾಮ್ ಖರೆ ಹೇಳಿತ್ತು. ಒಬ್ಬಾಕೆ ಖರೆ ಹೇಳಿದ ಕೂಡಲೇ ಅದರ ಬಂಡವಾಳ ಬಯಲಾಯಿತು. ಇದರಲ್ಲಿ ಯಾರು ಸರಿ, ಯಾರು ತಪ್ಪು ಎಂದು ಇವತ್ತಿಗೂ ನನಗೆ ಪೂರ್ತಿ ಬಗೆಹರಿದಿಲ್ಲ.

ಮದ್ದು ಸುಲಭವಿತ್ತು. ಇದು ಅಕ್ಷರವಲ್ಲ, ತಾರೀಕು. ಮೊದಲನೆಯದು ದಿನ, ಎರಡನೆಯದು ತಿಂಗಳು, ಮೂರನೆಯದು ವರ್ಷ ಎಂದು ಯಂತ್ರಕ್ಕೆ ಮೊದಲೇ ಹೇಳಿಕೊಡಬೇಕು, ಅಷ್ಟೇ. ಹೇಳಿಕೊಟ್ಟೆ. ನಡೆಸಿ ನೋಡಿದರೆ ಇಡೀ ಪಟ್ಟಿಯ ಮಕ್ಕಳೆಲ್ಲ ಜನವರಿಯಲ್ಲಿ ಹುಟ್ಟಿಬಿಟ್ಟಿದ್ದರು. ಮತ್ತೆ ಕಂಗಾಲು. ಒಂದು ತಾಸು ಹುಡುಕಿದ ಮೇಲೆ ಗೊತ್ತಾಯಿತು, ತಿಂಗಳಿಗೆ ಇಂಗ್ಲಿಷಿನ ಸಣ್ಣ ಎಮ್ ಬರೆಯಬೇಕಿತ್ತು, ನಾನು ದೊಡ್ಡದು ಬರೆದಿದ್ದೆ. ದೊಡ್ಡದೆಂದರೆ ನಿಮಿಷವಂತೆ. ನಿಮಿಷಕ್ಕೆ ದೊಡ್ಡದು, ತಿಂಗಳಿಗೆ ಸಣ್ಣದು, ಇದೆಲ್ಲಿಯ ನ್ಯಾಯವೋ. ತಿದ್ದಿದೆ. ಈ ಸಲ ಹೆಡ್ ಮಾಸ್ತರರು ಎಲ್ಲರಿಗಿಂತ ಮುಂದೆ ನಿಂತರು, ಮಾಳವ್ವ ತನ್ನ ಜಾಗದಲ್ಲಿ ನಿಂತಳು. ಅವಳ ಹೆಸರು ಪಟ್ಟಿಗೆ ಬಂತು. ನನ್ನ ಕಣ್ಣು ತುಂಬಿ ಬಂದದ್ದನ್ನು ಹೆಡ್ ಮಾಸ್ತರರಿಗೆ ತೋರಿಸಿಕೊಳ್ಳಲಿಲ್ಲ.

ಹೊಸ ಪಟ್ಟಿ ಅಂಟಿಸಿ ಲಗಮವ್ವನಿಗೆ ಹೇಳಿ ಕಳಿಸಿದೆ. ಬಂದಳು. ತಪ್ಪು ನನ್ನದು, ನಿನ್ನ ತಾರೀಕಿನದಲ್ಲ ಎಂದೆ. ಯಂತ್ರದ ಕಥೆಯನ್ನೆಲ್ಲ ಹೇಳಿದೆ, ಎಡಗಡೆಯ ಅಂಕಿ, ಬಲಗಡೆಯ ವರ್ಷ. ಅವಳು ಎಲ್ಲ ಕೇಳಿ, "ಇಷ್ಟ ಆದ್ರೂ ಮಾಡಿದ್ರಲ್ರಿ, ಭಾಳ ಆತು" ಎಂದಳು. ಹೋಗುವಾಗ ತಿರುಗಿ ಕೇಳಿದಳು.

"ಅಕ್ಕೋರ, ನೀವ್ಯಾವಾಗ ಹುಟ್ಟೀರಿ?"

"ಜೂನ್ ಒಂದು" ಎಂದೆ ಅಭ್ಯಾಸಬಲದಿಂದ. ಅವಳು ನಿಂತೇ ಇದ್ದಳು. "ಖರೆ ಅಂದ್ರ ಸೀಗಿ ಹುಣ್ಣಿವಿ ದಿನ ಅಂತ ನಮ್ಮವ್ವ ಹೇಳತಿದ್ಲು. ತಾರೀಕ ಗೊತ್ತಿಲ್ಲ."

"ಹುಣ್ಣಿವಿ ಗೊತ್ತೈತಲ್ರಿ. ಮತ್ತೇನ ಬೇಕು?" ಎಂದು ಹೊರಟುಹೋದಳು.

ಮಾಳವ್ವನಿಗೆ ಸೀಟು ಸಿಕ್ಕಿತು. ಗೋಕಾಕದಲ್ಲಿ ಓದಿದಳು, ನರ್ಸಿಂಗ್ ಮುಗಿಸಿದಳು. ಈ ವರ್ಷವಷ್ಟೇ ಹುಕ್ಕೇರಿ ಕಡೆಯ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಹೆರಿಗೆ ವಾರ್ಡಿನಲ್ಲಿ.

ಒಲೆ ಒರೆಸಿ ಮುಗಿಸುವ ಹೊತ್ತಿಗೆ ಮೊಬೈಲು ಮತ್ತೆ ಟಿಣ್ ಎಂದಿತು. ಇನ್ನೊಂದು ಶುಭಾಶಯ ಎಂದುಕೊಂಡು ಬೇಸರದಿಂದಲೇ ನೋಡಿದೆ. ಮಾಳವ್ವನ ಧ್ವನಿ ಸಂದೇಶ. ಹಿಂದೆ ಯಾವುದೋ ಕೂಸು ಅಳುತ್ತಿತ್ತು.

"ಅಕ್ಕೋರ, ಇವತ್ತ ನಿಮಗ ಏನೂ ಹೇಳಾಂಗಿಲ್ರಿ, ಬೈಬ್ಯಾಡ್ರಿ. ಸೀಗಿ ಹುಣ್ಣಿವಿ ದಿನ ಅವ್ವನ್ನ ಕರ್ಕೊಂಡ ಮನಿಗೇ ಬರ್ತೀನಿ. ಮುಂಜಾನೆ ಇಲ್ಲೊಂದು ಹೆಣ್ಣ ಕೂಸು ಹುಟ್ಟೇತ್ರಿ. ಖರೇನ ಜೂನ್ ಒಂದು. ಮುಂದ ಇದನ್ನ ಯಾರೂ ನಂಬಾಂಗಿಲ್ಲ. ಅದಕ್ಕ ಕಾರ್ಡಿನ್ಯಾಗ ತಾಸು ನಿಮಿಷಾನೂ ಬರದೇನಿ, ಕಾರ್ಡ್ ಕಳೀಬ್ಯಾಡ ಅಂತ ಅವರವ್ವಗ ಎರಡ ಸಲ ಹೇಳೇನಿ."

ಅದನ್ನು ಮೂರು ಸಲ ಹಚ್ಚಿ ಕೇಳಿದೆ. ಆಮೇಲೆ ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಮುಂದಕ್ಕೆ ಮಗುಚಿ, ಈ ವರ್ಷ ಸೀಗಿ ಹುಣ್ಣಿಮೆ ಯಾವ ತಾರೀಕಿಗೆ ಬಂದಿದೆ ಎಂದು ಹುಡುಕಿದೆ. ನನ್ನ ಹುಟ್ಟಿದ ದಿನವನ್ನು ನಾನಾಗಿ ಹುಡುಕಿದ್ದು ಇದೇ ಮೊದಲು. ಸಿಕ್ಕಿತು. ಪೆನ್ಸಿಲಿನಿಂದ ಅದರ ಸುತ್ತ ಒಂದು ಸುತ್ತು ಹಾಕಿ, ಹೊಸದಾಗಿ ಹಾಲು ಇಟ್ಟೆ.